ಬೋರಲು ಬಿದ್ದರೆ ಬೊಬ್ಬಟ್ಟು

ಬೆಳಿಗ್ಗೆ ಹಾಲು ತರಲು ಕೆಳಗಿಳಿದರೆ ಸಾಕು, ಪಕ್ಕದ ಮನೆಯಾಕೆಯ ಪ್ರಶ್ನೆ ಸಿದ್ಧ. "ಬೋರ್ಲಾ ಪಡ್ಡಾಡಾ?" ಮೊಮ್ಮಗ ಬೋರಲು ಬಿದ್ದನೇ ಅಂತ. ವಿಜಯವಾಡಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಡುವೆ ಮೂರ್ನಾಲ್ಕು ಕಡೆ ವರ್ಗವಾದರೂ ಮನೆ ಮಾತ್ರ ಆಟೋನಗರದಲ್ಲೇ ಉಳಿಯಿತು. ನನ್ನ ತೆಲುಗಿಗೆ ಇವತ್ತಿಗೂ ಇಲ್ಲಿನವರು ನಗುತ್ತಾರೆ, ಆದರೆ ಈ ಮಾತಿಗೆ ಭಾಷಾಂತರ ಬೇಕಾಗಲಿಲ್ಲ. ನಮ್ಮ ಬೋರಲು, ಅವರ ಬೋರ್ಲಾ.

ಇಲ್ಲಿ ಮಗುವಿನ ಒಂದೊಂದು ಸಾಹಸಕ್ಕೂ ಒಂದೊಂದು ತಿಂಡಿ. ನಕ್ಕರೆ ಎಳ್ಳುಂಡೆ, ಬೋರಲು ಬಿದ್ದರೆ ಬೊಬ್ಬಟ್ಟು ಅಂದರೆ ನಮ್ಮ ಹೋಳಿಗೆ, ಹೆಜ್ಜೆ ಇಟ್ಟರೆ ಅರಿಸೆಲು, ಅಂದರೆ ನಮ್ಮ ಕಜ್ಜಾಯ. ನಮ್ಮ ಮನೆಯಿಂದ ಬೊಬ್ಬಟ್ಟು ಇನ್ನೂ ಹೋಗಿಲ್ಲ. ಬಾಣಂತನಕ್ಕೆ ಬಂದ ಮಗಳ ಕೂಸಿಗೆ ನಾಲ್ಕು ತಿಂಗಳು ತುಂಬಿತು. ಬೋರಲಾಗುವ ಲಕ್ಷಣವೇ ಇಲ್ಲ. ಸಾಲದ್ದಕ್ಕೆ ತಲೆಯ ಹಿಂಭಾಗ ಬಲಗಡೆ ಸ್ವಲ್ಪ ಚಪ್ಪಟೆ. ನನ್ನಾಕೆಗೆ ರಾತ್ರಿ ನಿದ್ದೆ ಇಲ್ಲ.

ಡಾಕ್ಟರು ಕುತ್ತಿಗೆ ತಿರುಗಿಸಿ ನೋಡಿದರು, ಕೈಹಿಡಿದು ಎಬ್ಬಿಸಿ ನೋಡಿದರು, ಏನೂ ತೊಂದರೆ ಇಲ್ಲ ಅಂದರು. ಆಮೇಲೆ ಕೇಳಿದರು: "ಎಚ್ಚರವಿದ್ದಾಗ ದಿನಕ್ಕೆ ಎಷ್ಟು ಹೊತ್ತು ಬೋರಲು ಹಾಕ್ತೀರಿ?" ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

ಮನೆಗೆ ಬಂದು ನಾನು ಲೆಕ್ಕ ಬರೆದೆ, ಮೂವತ್ತು ವರ್ಷದ ಚಟ. ನಿದ್ದೆ 14 ಗಂಟೆ. ಹಾಲು, ಸ್ನಾನ, ಬಟ್ಟೆ 4. ತೊಡೆ, ಹೆಗಲು 3. ತೂಗುವ ಕುರ್ಚಿ 3. ಒಟ್ಟು 24. ನೆಲದ ಮೇಲೆ ಸೊನ್ನೆ! ಮಗು ಇಡೀ ದಿನ ಬೆನ್ನ ಮೇಲೇ ಇತ್ತು, ಇಲ್ಲವೇ ಯಾರದೋ ಕೈಯಲ್ಲಿತ್ತು. ಕತ್ತೆತ್ತಲು, ಮೊಣಕೈ ಊರಲು ಅದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ಮಗಳದು ತಪ್ಪಲ್ಲ. ಅವಳು ಕೇಳಿದ್ದು ಅರ್ಧ ಮಾತು. ಶಿಶುಗಳು ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವುದನ್ನು ಕಂಡು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಬೋರಲು ಮಲಗಿಸಬೇಡಿ ಎಂದಿತು. 1994ರಿಂದ ಅಲ್ಲಿ ದೊಡ್ಡ ಪ್ರಚಾರ ನಡೆದು, ಹತ್ತು ವರ್ಷದಲ್ಲಿ ಅಂಥ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಆದರೆ ಜನ ಎಚ್ಚರವಿದ್ದಾಗಲೂ ಬೋರಲು ಹಾಕುವುದನ್ನು ಬಿಟ್ಟರು. ಚಪ್ಪಟೆ ತಲೆಯ ಮಕ್ಕಳು ಹೆಚ್ಚಾದರು. ಉಳಿದರ್ಧ ಮಾತು ಹೇಳಬೇಕಾಗಿ ಬಂತು: ನಿದ್ದೆಗೆ ಅಂಗಾತ, ಆಟಕ್ಕೆ ಬೋರಲು. ಆಸ್ಪತ್ರೆಯಿಂದ ಬಂದ ದಿನದಿಂದಲೇ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಶುರು ಮಾಡಬಹುದಂತೆ. ಇನ್ನೂ ಹರಿದಾಡದ ಮಗುವಿಗೆ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ತಿಪಟೂರಿಗೆ ಫೋನ್ ಮಾಡಿದರೆ ನಮ್ಮಮ್ಮ, "ಅದಕ್ಕೇನು ಡಾಕ್ಟ್ರು ಬೇಕಾಗಿತ್ತೇನೋ? ರಾತ್ರಿನೂ ಬೋರಲೇ ಮಲಗಿಸಿ, ನಿಮ್ಮನ್ನೆಲ್ಲ ಹಂಗೇ ಬೆಳೆಸಿದ್ದು" ಅಂದರು. ಇಲ್ಲಿ ಮಾತ್ರ ನಾನು ಅಮ್ಮನ ಪಕ್ಷ ಅಲ್ಲ. ನಾವು ಬದುಕಿದೆವು ನಿಜ, ಬದುಕದವರು ಬಂದು ಹೇಳುವುದಿಲ್ಲವಲ್ಲ. ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂಬ ವಾಟ್ಸಾಪ್ ಸಂದೇಶಗಳನ್ನು ಕಂಡರೂ ನನಗೆ ಮೈ ಉರಿಯುತ್ತದೆ. ಎರೆಯುವಾಗ ಮೂಗಿಗೆ, ಕಿವಿಗೆ ಎಣ್ಣೆ ಬಿಡುತ್ತಿದ್ದವರೂ ಅವರೇ.

ಆದರೆ ಅದೇ ಬಚ್ಚಲಲ್ಲಿ ಒಂದು ಒಳ್ಳೆಯದೂ ಇತ್ತು. ಅಜ್ಜಿ ಎರಡೂ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿ, ಬೆನ್ನಿಗೆ ಎಣ್ಣೆ ತಿಕ್ಕಿ, ಬೆಚ್ಚನೆ ನೀರು ಹೊಯ್ಯುತ್ತಿದ್ದರು. ಕೂಸು ಕತ್ತೆತ್ತಿ ಮನೆ ಕಿತ್ತುಹೋಗುವ ಹಾಗೆ ಅಳುತ್ತಿತ್ತು. ಹೆಸರಿಲ್ಲದ ವ್ಯಾಯಾಮ. ಈಗ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಟಬ್ಬು. ಅದರಲ್ಲೂ ಅಂಗಾತ! ನನ್ನಾಕೆಗೆ ಮಂಡಿನೋವು, ಕೆಳಗೆ ಕೂರಲಾಗದು. ಕಾಲು ಚಾಚಿ ಕೂರುವವರು ಹೋದರು, ಆ ಜಾಗಕ್ಕೆ ಯಾರೂ ಬರಲಿಲ್ಲ.

ಮಗಳು ಮೊಬೈಲಿನಲ್ಲಿ ಒಂದು ಆಪ್ ಹಾಕಿಕೊಂಡಳು. ಅದು ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತದೆ. ಚಾಪೆಯ ಮೇಲೆ ಬೋರಲು ಹಾಕಿದರೆ ನಲವತ್ತು ಸೆಕೆಂಡಿಗೆ ಅಳು. ಎತ್ತಿಕೊಂಡರೆ ಮುಗಿಯಿತು. ಮೊಬೈಲು ಗಂಟೆ ಬಾರಿಸಬಹುದು, ನೆಲದ ಮೇಲೆ ಮಲಗಲಾರದು. ಮಗುವಿಗೆ ಬೇಕಾಗಿರುವುದು ಎದುರಿಗೊಂದು ಮುಖ. ಅದು ತಾಯಿ, ಅಜ್ಜಿಯದೇ ಆಗಬೇಕೆಂದು ಎಲ್ಲಿದೆ? ಗಂಡಸರು ಯಾಕಾಗಬಾರದು?

ಹೇಳಲು ನನಗೆ ಯಾವ ಹಕ್ಕೂ ಇಲ್ಲ. 1997ರಲ್ಲಿ ಇದೇ ಮಗಳು ಬೋರಲು ಬಿದ್ದಾಗ ನಾನು ದೂರದ ಶಾಖೆಯೊಂದರಲ್ಲಿದ್ದೆ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ, ಮೂರು ದಿನ ತಡವಾಗಿ, ಸುದ್ದಿ ಸಿಕ್ಕಿತು. ಅದು ತನ್ನಷ್ಟಕ್ಕೆ ಆಗುವ ಕೆಲಸ, ಅವಧಿ ಠೇವಣಿ ಪಕ್ವವಾದ ಹಾಗೆ, ಎಂದು ಈ ತಿಂಗಳವರೆಗೂ ತಿಳಿದಿದ್ದೆ.

ಈಗ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮುಂಚೆ, ಸಂಜೆ ಬಂದ ಮೇಲೆ, ನಾನೂ ಚಾಪೆಯ ಮೇಲೆ ಬೋರಲು. ಹಾಲು ಕುಡಿದ ತಕ್ಷಣ ಹಾಕುವುದಿಲ್ಲ, ಕಕ್ಕುತ್ತಾನೆ. ತೀರಾ ಅತ್ತರೆ ನನ್ನ ಎದೆಯ ಮೇಲೆ ಮಲಗಿಸಿಕೊಳ್ಳುತ್ತೇನೆ, ಅದೂ ಲೆಕ್ಕಕ್ಕೆ ಬರುತ್ತದಂತೆ. ಕಣ್ಣು ಎಳೆಯತೊಡಗಿದರೆ ಎತ್ತಿ ಅಂಗಾತ ಮಲಗಿಸುವುದು. ಎಡಕ್ಕೆ ತಿರುಗಲೆಂದು ಗಿಲಕಿ ಆ ಕಡೆ ಇಡಿ ಅಂದಿದ್ದರು ಡಾಕ್ಟರು. ಗಿಲಕಿಗೆ ಅವನು ಸೊಪ್ಪು ಹಾಕಲಿಲ್ಲ. ಎಡಗಡೆ ಕಿಟಕಿಯಾಚೆ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ತಗಡು ಬಡಿಯುತ್ತಾರಲ್ಲ, ಆ ಸದ್ದಿಗೆ ಟಪ್ಪಂತ ಕತ್ತು ತಿರುಗಿಸುತ್ತಾನೆ. ಇಪ್ಪತ್ತೆರಡು ವರ್ಷ ಶಪಿಸಿದ ಸದ್ದು!

ಪಕ್ಕದಾಕೆಯ ಮೊಮ್ಮಗಳು ಮೂರೂವರೆ ತಿಂಗಳಿಗೇ ಬೋರಲಾದಳಂತೆ, ದಿನಾ ಹೇಳುತ್ತಾರೆ. ಹೇಳಲಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಭಾರತವೂ ಸೇರಿ ಐದು ದೇಶಗಳ ಮಕ್ಕಳ ಲೆಕ್ಕ ಪ್ರಕಟಿಸಿತ್ತು. ಒಂಟಿಯಾಗಿ ನಡೆಯುವುದಕ್ಕೆ 8.2 ತಿಂಗಳಿಂದ 17.6 ತಿಂಗಳವರೆಗೆ ಅಂತರವಿದೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ಮುಂದೆ ಹೋದವು. ಹಾಗಂತ ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂದೇ ಕಡೆ ಬಿಗಿಯಾಗಿದ್ದರೆ, ಹೋಲಿಕೆಯೂ ಬೇಡ, ಸಮಾಧಾನವೂ ಬೇಡ, ಡಾಕ್ಟರಿಗೆ ತೋರಿಸಿ.

ಇವತ್ತು ಭಾನುವಾರ, ಒಂದೇ ಪಟ್ಟಿಗೆ ಆರು ನಿಮಿಷ ಇದ್ದ. ಅಂಗಾತ ಹಾಕಿದರೆ ಪಕ್ಕಕ್ಕೆ ಹೊರಳಿ, ಕೈ ಕೆಳಗೆ ಸಿಕ್ಕಿಕೊಂಡು ಅಲ್ಲೇ ನಿಂತ. ನನ್ನಾಕೆ ಆಗಲೇ ಬೆಲ್ಲ ತರಿಸಿದ್ದಾಳೆ. ಹೂರಣಕ್ಕೆ ನಮ್ಮ ತೊಗರಿಬೇಳೆಯೋ ಪಕ್ಕದಾಕೆಯ ಕಡಲೆಬೇಳೆಯೋ, ಅದಿನ್ನೂ ತೀರ್ಮಾನವಾಗಿಲ್ಲ.