ಹಳೆಬಟ್ಟೆ: ರಾಶಿಯಿಂದ ಗಳದ ಮೇಲಕ್ಕೆ

2004ರ ಡಿಸೆಂಬರಿನ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆಬದಿಗಳಲ್ಲಿ ಹಳೆಬಟ್ಟೆಗಳ ಗುಡ್ಡೆಗಳು ಬಿದ್ದಿದ್ದವು. ದೂರದೂರುಗಳಿಂದ ಸದುದ್ದೇಶದಿಂದಲೇ ಹೊರಟುಬಂದ ಬಟ್ಟೆಗಳವು. ಸರ್ವಸ್ವವನ್ನೂ ಕಳೆದುಕೊಂಡ ಮೀನುಗಾರ ಕುಟುಂಬಗಳು ಕೂಡ ಅವುಗಳನ್ನು ಮುಟ್ಟಲು ಹಿಂಜರಿದವು. ಕೊನೆಗೆ ದೆಹಲಿಯ ಗೂಂಜ್ ಸಂಸ್ಥೆ ಆ ರಾಶಿಗಳನ್ನು ವಿಂಗಡಿಸುವ ಕೆಲಸಕ್ಕೆ ಇಳಿಯಬೇಕಾಯಿತು. ಬೀದಿಯಲ್ಲಿ ಕಸವಾಗಿದ್ದ ಅದೇ ಸೀರೆ, ಅದೇ ಅಂಗಿ, ಒಗೆದು ಮಡಚಿ ಕೈಗಿತ್ತಾಗ ಉಡುಪಾಯಿತು.

2023ರ ಮೇ ತಿಂಗಳಲ್ಲಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಅಭಿಯಾನದಡಿ ದೇಶದ ಹಲವು ಪಟ್ಟಣಗಳಲ್ಲಿ ಮರುಬಳಕೆ ಕೇಂದ್ರಗಳು ತೆರೆದವು. ಮಲೆನಾಡಿನ ಪೇಟೆಗಳಲ್ಲಿಯೂ ಬಡಾವಣೆಗೊಂದು ಹಳೆವಸ್ತುಗಳ ಅಂಗಡಿ ಬೇಕೆಂಬ ಮಾತು ಕೇಳಿಬರುತ್ತಿದೆ. ಸ್ವಾಗತಾರ್ಹವೇ. ಆದರೆ ಇಂಥ ಪ್ರಯತ್ನಗಳ ಉತ್ಸಾಹವೆಲ್ಲ ಸಂಗ್ರಹಣೆಯಲ್ಲಿಯೇ ತೀರಿಹೋಗುವುದುಂಟು. ಬಂದದ್ದನ್ನು ಹೇಗೆ ಇಡಬೇಕೆಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅದು ವ್ಯಾಪಾರಿಗಳ ಚಿಂತೆ ಎಂಬ ಉತ್ತರ ಬರುತ್ತದೆ.

ಸಂತೆಯ ದಿನ ವಾರದ ಬಟವಾಡೆ ಸೆರಗಿನಲ್ಲಿ ಕಟ್ಟಿಕೊಂಡು ಬರುವ ತೋಟದ ಕೆಲಸದ ಹೆಂಗಸನ್ನು ನೆನೆಯಬೇಕು. ನೆಲದ ಮೇಲಿನ ರಾಶಿಯಲ್ಲಿ ಬಗ್ಗಿ ಹುಡುಕುವಾಗ ಅವಳು ಬೇಡುವವಳಾಗುತ್ತಾಳೆ. ಎದೆಯೆತ್ತರದ ಗಳಕ್ಕೆ ತೂಗಿದ ರವಿಕೆ, ಲಂಗಗಳ ನಡುವೆ ಕೈಯಾಡಿಸಿ, ಇದು ಬೇಡ ಅದು ಬೇಕು ಎನ್ನುವಾಗ ಕೊಳ್ಳುವವಳಾಗುತ್ತಾಳೆ. ಪುಕ್ಕಟೆ ಕೊಡುವುದಕ್ಕಿಂತ ಹತ್ತಿಪ್ಪತ್ತು ರೂಪಾಯಿ ಬೆಲೆಯಿಡುವುದು ಲೇಸು. ಒಂದು ನಿಲುಗನ್ನಡಿ, ಪರದೆ ಕಟ್ಟಿದ ಒಂದು ಮೂಲೆ ಇದ್ದರೆ ಹಾಕಿ ನೋಡಿ ಕೊಳ್ಳಬಹುದು.

ಜೋಡಣೆಯ ವಿದ್ಯೆಯೇನೂ ಗಹನವಲ್ಲ. ಒಗೆದು, ಕಿತ್ತ ಗುಂಡಿ ಹೊಲಿದು, ಇಸ್ತ್ರಿ ಮಾಡಿದ ಮೇಲೆಯೇ ಬಟ್ಟೆ ಒಳಗೆ ಬರಬೇಕು. ಮೊದಲು ಅಳತೆಯಂತೆ, ಆಮೇಲೆ ಬಣ್ಣದಂತೆ. ಸೀರೆಯನ್ನು ಅಂಚು ಸೆರಗು ಎರಡೂ ಕಾಣುವಂತೆ ಮಡಚಬೇಕು. ಬಂದುದನ್ನೆಲ್ಲ ಒಮ್ಮೆಲೇ ತುಂಬಬಾರದು. ಕಿಕ್ಕಿರಿದ ಗಳವೂ ರಾಶಿಯೇ. ವಾರಕ್ಕೊಂದು ಬಣ್ಣದ ಚೀಟಿ ಕಟ್ಟಿ, ತಿಂಗಳು ಕಳೆದರೂ ಹೋಗದುದನ್ನು ತೆಗೆಯುವ ಕ್ರಮ ಅಮೆರಿಕದ ಗುಡ್‌ವಿಲ್ ಅಂಗಡಿಗಳಲ್ಲಿದೆ. 1902ರಲ್ಲಿ ಬಾಸ್ಟನ್ ನಗರದಲ್ಲಿ ಆರಂಭವಾದ ಆ ಸಂಸ್ಥೆಯ ಈ ಉಪಾಯವನ್ನು ಎರವಲು ಪಡೆಯಲು ಸಂಕೋಚ ಬೇಕಿಲ್ಲ.

ಎರವಲು ಸಿಗದಿರುವುದು ಮಳೆಗಾಲದ ಬುದ್ಧಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿನ ಗಾಳಿಯ ತೇವ ಬೂಸ್ಟು ಬೆಳೆಯಲು ಬೇಕಾದುದಕ್ಕಿಂತ ಹೆಚ್ಚೇ ಇರುತ್ತದೆ. ಕಪಾಟು ಗೋಡೆಗೆ ತಾಗಬಾರದು, ನಾಲ್ಕು ಬೆರಳು ಗಾಳಿಯಾಡಬೇಕು. ಗಳಕ್ಕೆ ಬಲಿತ ಬಿದಿರೇ ಆಗಬೇಕು, ಅದೂ ಕಡಿದ ಬಳಿಕ ನೀರಿನಲ್ಲಿ ನೆನೆಹಾಕಿ ಒಣಗಿಸಿದ್ದು. ಎಳೆಬಿದಿರಿನ ಪಿಷ್ಟಕ್ಕೆ ಹುಳು ಬಿದ್ದು ಬಟ್ಟೆಯ ಮೇಲೆಲ್ಲ ಹಿಟ್ಟುದುರುತ್ತದೆ. ಗಂಜಿ ಹಾಕಿದ ಸೀರೆಯನ್ನು ಬೆಳ್ಳಿಮೀನು ಹುಳ ಹುಡುಕಿ ಬರುತ್ತದೆ. ನುಸಿಗುಳಿಗೆಯ ವಾಸನೆಯಂತೂ ಇದು ಹಳತೆಂದು ಬಾಗಿಲಲ್ಲೇ ಸಾರುತ್ತದೆ. ಲಾವಂಚದ ಬೇರು ಮೂಗಿಗೆ ಹಿತ, ಆದರೆ ಕಾಯುವುದು ಅದಲ್ಲ. ಬಿಸಿಲು ಸಿಕ್ಕ ದಿನ ಎಲ್ಲವನ್ನೂ ಅಂಗಳಕ್ಕೆ ಹರವುವ ಶ್ರಮ.

ತೂಗಲಾಗದಷ್ಟು ಸವೆದ ಬಟ್ಟೆಗೂ ಈ ನೆಲದಲ್ಲಿ ದಾರಿಯಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಹಳೆಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಜೋಡಿಸುತ್ತ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಹೂವಿನಂತೆ ಪುಟ್ಟ ತುಂಡುಗಳನ್ನು ಸೇರಿಸಿದ ಮೇಲೆಯೇ ಅದು ಮುಗಿದಂತೆ. ಆ ಹೂವಿನಿಂದ ಚಳಿಯೇನೂ ಹೆಚ್ಚು ತಡೆಯುವುದಿಲ್ಲ. ಅಂಗಡಿಯ ಎದುರುಗೋಡೆಗೆ ಇಂಥದೊಂದು ಕೌದಿ ಸಾಕು, ಬೇರೆ ಅಲಂಕಾರ ಬೇಡ.

ಕೊಳ್ಳುಬಾಕತನವನ್ನು ವಿರೋಧಿಸುವವರೇ ಅಂಗಡಿಯ ಆಕರ್ಷಣೆಯನ್ನು ಕಲಿಯುವುದು ಎಷ್ಟು ಸರಿ ಎಂಬ ಆಕ್ಷೇಪ ನ್ಯಾಯವಾದುದೇ. ಜಾಗತಿಕ ಸರಾಸರಿಯಲ್ಲಿ ಒಂದು ಕಿಲೋ ಹತ್ತಿಬಟ್ಟೆಯ ಹಿಂದೆ, ಮಳೆಯ ನೀರೂ ಸೇರಿ, ಸುಮಾರು 10,000 ಲೀಟರ್ ನೀರಿದೆ. ಆ ನೀರು ಹರಿದಾಗಿದೆ. ಬಟ್ಟೆ ಇನ್ನೂ ಐದು ವರ್ಷ ಮೈಮೇಲಿದ್ದು, ಅಷ್ಟರ ಮಟ್ಟಿಗೆ ಹೊಸದರ ಖರೀದಿ ತಪ್ಪಿದರೆ ಲಾಭ. ಆದರೆ ಹಳತನ್ನು ಕೊಟ್ಟೆನೆಂಬ ಸಮಾಧಾನದಲ್ಲಿ ಕೊಡುವವರು ಇನ್ನಷ್ಟು ಹೊಸತನ್ನು ತಂದರೆ ಲೆಕ್ಕ ತಲೆಕೆಳಗಾಗುತ್ತದೆ. ಘಾನಾ ದೇಶದ ಅಕ್ರಾ ನಗರದ ಕಂಟಮಾಂಟೊ ಮಾರುಕಟ್ಟೆಗೆ ಬಂದಿಳಿಯುವ ಪಶ್ಚಿಮದ ಹಳೆಬಟ್ಟೆಗಳಲ್ಲಿ ಮಾರಾಟವಾಗದ ಎಷ್ಟೋ ಬಟ್ಟೆ ಚರಂಡಿಗಳನ್ನೂ ಕಡಲತೀರವನ್ನೂ ಸೇರಿದೆ.

ಹೀಗಾಗಿ ಬಡಾವಣೆಯ ಅಂಗಡಿಗೆ ಬೇಡವೆನ್ನುವ ಧೈರ್ಯವೂ ಇರಬೇಕು. ಹರಿದದ್ದು, ಕಲೆಯಾದದ್ದು, ಒಗೆಯದ್ದು ಬಾಗಿಲಿನಿಂದಲೇ ಹಿಂತಿರುಗಲಿ. ಗಳ ತುಂಬಿದಾಗ ‘ಸದ್ಯಕ್ಕೆ ತರಬೇಡಿ’ ಎಂಬ ಹಲಗೆ ತೂಗಲಿ. ಮೇ ತಿಂಗಳ ಕೊನೆಯ ವಾರದಲ್ಲಿ ಎದುರುಸಾಲಿಗೆ ಬರಬೇಕಾದವು ಕಂಬಳಿ, ಸ್ವೆಟರ್, ಕೊಡೆ, ಶಾಲೆಯ ಸಮವಸ್ತ್ರ. ಮಕ್ಕಳ ರೇನ್‌ಕೋಟುಗಳನ್ನು ಅವರ ಕೈಗೆಟುಕುವಷ್ಟು ಕೆಳಗಿನ ಗಳಕ್ಕೆ ಹಾಕಬೇಕು.