ಯಹೂದಿ ಬಾಲಕಿಯ ಡೈರಿ ನಮ್ಮ ಮಕ್ಕಳಿಗೇಕೆ?

ಸಿಬಿಎಸ್‌ಇ ಪಠ್ಯಕ್ರಮದ ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕ 'ಫಸ್ಟ್ ಫ್ಲೈಟ್'ನಲ್ಲಿ ಆನ್ ಫ್ರಾಂಕ್ ಎಂಬ ಯಹೂದಿ ಬಾಲಕಿಯ ಡೈರಿಯ ಒಂದು ಭಾಗ ಪಾಠವಾಗಿ ಸೇರಿ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಸಂದಿದೆ. ಕಳೆದ ದಶಕದಲ್ಲಿ ಮಂಡಳಿಯು ಇಡೀ ಡೈರಿಯನ್ನೇ ದೀರ್ಘ ಓದಿಗೆಂದು ಸೂಚಿಸಿದ್ದೂ ಉಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂತಹ ಪಟ್ಟಣಗಳಲ್ಲಿ ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮ ಶಾಲೆಗೆ ಕಳುಹಿಸುವ ಮುಸ್ಲಿಮ್ ತಂದೆ ತಾಯಂದಿರಿಗೆ ಈ ಪಾಠ ಎದುರಾದಾಗ ಒಂದು ಪ್ರಶ್ನೆ ಮೂಡುವುದು ಸಹಜ. ಗಾಝಾದ ಮಕ್ಕಳ ಶವಗಳನ್ನು ಕಂಡ ಕಣ್ಣುಗಳಿಂದ ನಮ್ಮ ಮಗಳು ಯಹೂದಿ ಬಾಲಕಿಯ ಕಥೆಯನ್ನು ಓದಬೇಕೇ? ಅದಕ್ಕಾಗಿ ಕಣ್ಣೀರು ಸುರಿಸಬೇಕೇ?

ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವುದು ಸರಿಯಲ್ಲ. ಅದರ ಹಿಂದೆ ನೋವಿದೆ. ಆದರೆ ನೋವಿನಿಂದ ಹುಟ್ಟಿದ ಪ್ರಶ್ನೆಗೆ ನ್ಯಾಯದಿಂದಲೇ ಉತ್ತರ ಹುಡುಕಬೇಕಾದುದು ನಮ್ಮ ಹೊಣೆ.

ಮೊದಲು ಆ ಬಾಲಕಿ ಯಾರೆಂಬುದನ್ನು ತಿಳಿಯೋಣ. ಆನ್ ಫ್ರಾಂಕ್ ಹುಟ್ಟಿದ್ದು 1929ರ ಜೂನ್ 12ರಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಆ ಕುಟುಂಬ ಹಾಲೆಂಡಿನ ಆಮ್‌ಸ್ಟರ್‌ಡಾಮ್‌ಗೆ ವಲಸೆ ಹೋಯಿತು. 1940ರಲ್ಲಿ ಹಾಲೆಂಡ್ ಕೂಡ ನಾಝಿಗಳ ವಶವಾಯಿತು. 1942ರಲ್ಲಿ, ಹದಿಮೂರನೆಯ ಹುಟ್ಟುಹಬ್ಬಕ್ಕೆ ಆಕೆಗೆ ಒಂದು ಡೈರಿ ದೊರೆಯಿತು. ಮರುತಿಂಗಳೇ ಆ ಕುಟುಂಬ ತಂದೆಯ ಕಚೇರಿಯ ಹಿಂಬದಿಯ ಗುಪ್ತ ಕೋಣೆಗಳಲ್ಲಿ ಅಡಗಿತು. ಎಂಟು ಜೀವಗಳು ಎರಡು ವರ್ಷಗಳಿಗೂ ಹೆಚ್ಚು ಕಾಲ ಹೊರಗಿನ ಬಿಸಿಲು ಕಾಣದೆ ಅಲ್ಲಿ ಬದುಕಿದವು. 1944ರ ಆಗಸ್ಟ್ 4ರಂದು ಅವರೆಲ್ಲ ಬಂಧನಕ್ಕೊಳಗಾದರು. ಆನ್ ಮತ್ತು ಆಕೆಯ ಅಕ್ಕ ಮಾರ್ಗಟ್ 1945ರ ಆರಂಭದಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ರೋಗಕ್ಕೆ ಬಲಿಯಾದರು. ಏಪ್ರಿಲ್ 15ರಂದು ಆ ಶಿಬಿರ ಬಿಡುಗಡೆಯಾಗುವಾಗ ಆಕೆ ಇರಲಿಲ್ಲ. ಎಂಟು ಮಂದಿಯ ಪೈಕಿ ಬದುಕಿ ಬಂದವರು ತಂದೆ ಆಟೊ ಫ್ರಾಂಕ್ ಒಬ್ಬರೇ. ಕಚೇರಿಯ ಸಿಬ್ಬಂದಿ ಮೀಪ್ ಗೀಸ್ ಎಂಬ ಮಹಿಳೆ ಜೋಪಾನ ಮಾಡಿದ್ದ ಆ ಡೈರಿ 1947ರಲ್ಲಿ ಪುಸ್ತಕವಾಯಿತು.

ಪಠ್ಯದಲ್ಲಿರುವ ಭಾಗ ಅಡಗುದಾಣಕ್ಕೆ ಹೋಗುವ ಮೊದಲಿನದು. ತರಗತಿಯಲ್ಲಿ ಸದಾ ಹರಟುವ ಆನ್‌ಳಿಗೆ ಗಣಿತದ ಶಿಕ್ಷಕರು ಶಿಕ್ಷೆಯಾಗಿ ಪ್ರಬಂಧ ಬರೆಸುವುದು, ಆಕೆ ತನ್ನ ಜಾಣ್ಮೆಯಿಂದ ಅವರನ್ನೇ ನಗಿಸಿ ಗೆಲ್ಲುವುದು ಅದರ ತಿರುಳು. ಹೀಗಾಗಿ ಈ ಪಾಠವನ್ನು ಹಾಸ್ಯಪ್ರಸಂಗವೆಂಬಂತೆ ಬೋಧಿಸಿ ಮುಗಿಸಿಬಿಡಲು ಸಾಧ್ಯವಿದೆ. ಶಿಕ್ಷಕರು ಸಿಟ್ಟಾದುದೇಕೆ, ಬರೆಸಿದ ಪ್ರಬಂಧಗಳೆಷ್ಟು ಎಂಬ ಎರಡಂಕದ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠವಾದರೆ ಪರೀಕ್ಷೆಯೂ ಮುಗಿಯುತ್ತದೆ. ನಮ್ಮ ಮೊದಲ ಆಕ್ಷೇಪವಿರುವುದು ಇಲ್ಲಿಯೇ. ಹರಟೆಮಲ್ಲಿಯಾದ ಆ ಹುಡುಗಿ ಮೂರು ವರ್ಷದೊಳಗೆ ಏಕೆ ಸತ್ತಳು ಎಂಬುದನ್ನು ಹೇಳದೆ ಆ ನಗುವನ್ನಷ್ಟೇ ಬೋಧಿಸುವುದು ಸಾಹಿತ್ಯಕ್ಕೂ ಇತಿಹಾಸಕ್ಕೂ ಬಗೆಯುವ ಅಪಚಾರ.

1942ರ ಜೂನ್ 20ರ ಬರಹದಲ್ಲಿಯೇ ಆನ್ ಯಹೂದಿಗಳ ಮೇಲೆ ಹೇರಲಾದ ನಿರ್ಬಂಧಗಳನ್ನು ಒಂದೊಂದಾಗಿ ಎಣಿಸಿದ್ದಾಳೆ. ಎದೆಯ ಮೇಲೆ ಹಳದಿ ನಕ್ಷತ್ರ ಧರಿಸಬೇಕು, ಸೈಕಲ್ಲುಗಳನ್ನು ಒಪ್ಪಿಸಬೇಕು, ಟ್ರಾಮ್ ಹತ್ತಬಾರದು, ಮಧ್ಯಾಹ್ನ ಮೂರರಿಂದ ಐದರವರೆಗೆ ಮಾತ್ರ ಸಾಮಾನು ಖರೀದಿಸಬೇಕು, ಯಹೂದಿ ಶಾಲೆಗಳಲ್ಲಷ್ಟೇ ಓದಬೇಕು. ಶಿಕ್ಷಕರು ಮೂಲ ಪುಸ್ತಕವನ್ನು ತೆರೆದು ಆ ಪುಟವನ್ನು ಮಕ್ಕಳ ಮುಂದಿಡಬೇಕು. ಸುಮಾರು 60 ಲಕ್ಷ ಯಹೂದಿಗಳ ಹತ್ಯೆ ಒಂದೇ ರಾತ್ರಿಯಲ್ಲಿ ನಡೆದುದಲ್ಲ. 1933ರ ಏಪ್ರಿಲ್‌ನಲ್ಲಿ ಯಹೂದಿಗಳ ಅಂಗಡಿಗಳಿಗೆ ಬಹಿಷ್ಕಾರ, 1935ರಲ್ಲಿ ಪೌರತ್ವ ಕಸಿದ ನ್ಯೂರೆಂಬರ್ಗ್ ಕಾನೂನುಗಳು, 1938ರ ನವೆಂಬರ್‌ನಲ್ಲಿ ಪ್ರಾರ್ಥನಾಲಯಗಳಿಗೆ ಬೆಂಕಿ. ಅನಂತರವೇ ಅನಿಲದ ಕೋಣೆಗಳು. ಪ್ರತಿ ಹಂತದಲ್ಲಿಯೂ ನೆರೆಯವರು ಇದ್ದರು, ನೋಡುತ್ತಿದ್ದರು.

ಈ ಮೆಟ್ಟಿಲುಗಳನ್ನು ಓದುವಾಗ ನಮ್ಮ ಮಕ್ಕಳ ಮನಸ್ಸು ತಮ್ಮ ಊರಿನತ್ತ ಹೊರಳದಿರಲಾರದು. 2022ರ ಮಾರ್ಚ್‌ನಲ್ಲಿ ಕರ್ನಾಟಕದ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶ ಕೊಡಬಾರದೆಂಬ ಕೂಗೆದ್ದಿತು. 2024ರ ಸೆಪ್ಟೆಂಬರ್ 11ರಂದು ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ನಾಗಮಂಗಲದಲ್ಲಿ ಕಲ್ಲುಗಳು ತೂರಿಬಂದವು, ಅಂಗಡಿಗಳು ಸುಟ್ಟುಹೋದವು. ಆ ಬೀದಿಯ ಎರಡೂ ಕಡೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಓದಬೇಕಾದವರು. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಹಿಷ್ಕಾರದ ಕರೆಯೂ ಅನಿಲದ ಕೋಣೆಯೂ ಒಂದೇ ಅಲ್ಲ. ಪ್ರತಿಯೊಂದು ಅನ್ಯಾಯವನ್ನೂ ಹೊಲೊಕಾಸ್ಟ್ ಎಂದು ಕರೆಯುವ ಭಾಷಣಕಾರ ಸತ್ತವರನ್ನೂ ಅವಮಾನಿಸುತ್ತಾನೆ, ಬದುಕಿರುವವರ ನಿಜವಾದ ದೂರನ್ನೂ ಹಗುರಗೊಳಿಸುತ್ತಾನೆ. ಹೋಲಿಕೆಯ ಉದ್ದೇಶ ಹೆದರಿಸುವುದಲ್ಲ. ಮೊದಲ ಮೆಟ್ಟಿಲಿನಲ್ಲಿಯೇ ತಡೆಯಬಲ್ಲ ನೆರೆಯವನನ್ನು ರೂಪಿಸುವುದು.

ಇನ್ನು ಫೆಲೆಸ್ತೀನಿನ ಪ್ರಶ್ನೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಮಂದಿ ಹತರಾದರು. ಅದರ ಬೆನ್ನಿಗೆ ಇಸ್ರೇಲ್ ನಡೆಸಿದ ಯುದ್ಧದಲ್ಲಿ ಗಾಝಾದ ಆರೋಗ್ಯ ಇಲಾಖೆಯ ಲೆಕ್ಕದಂತೆ 60 ಸಾವಿರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಸಾವಿರಾರು ಮಕ್ಕಳು. ಈ ಕ್ರೌರ್ಯವನ್ನು ಖಂಡಿಸಲು ಹಿಂಜರಿಯಬೇಕಾಗಿಲ್ಲ. ಆದರೆ ಅದಕ್ಕೆ ಆನ್ ಫ್ರಾಂಕ್ ಉತ್ತರದಾಯಿಯೇ? ಆಕೆ ಸತ್ತಾಗ ಇಸ್ರೇಲ್ ಎಂಬ ರಾಷ್ಟ್ರವೇ ಇರಲಿಲ್ಲ. ಸತ್ತ ಮಗುವಿನ ಲೆಕ್ಕವನ್ನು ಒಂದು ಸರಕಾರದ ಖಾತೆಗೆ ಬರೆಯುವುದು ಯಾವ ನ್ಯಾಯ?

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 2023ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕವು ಗಾಝಾದ ಪರವಾಗಿ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದ್ದು 1948ರ ಜನಾಂಗಹತ್ಯೆ ತಡೆ ಒಪ್ಪಂದದ ಆಧಾರದಲ್ಲಿ. ಆ ಒಪ್ಪಂದಕ್ಕಾಗಿ ಹೆಣಗಿದವರು, ಜನಾಂಗಹತ್ಯೆಯನ್ನು ಸೂಚಿಸುವ 'ಜೆನೊಸೈಡ್' ಎಂಬ ಪದವನ್ನೇ ಸೃಷ್ಟಿಸಿದವರು ರಫಾಯಲ್ ಲೆಮ್ಕಿನ್. ಅವರು ಪೋಲೆಂಡಿನ ಯಹೂದಿ ನ್ಯಾಯವಾದಿ; ಹತ್ಯಾಕಾಂಡದಲ್ಲಿ ತಮ್ಮ ಬಂಧುಬಳಗವನ್ನೇ ಕಳೆದುಕೊಂಡವರು. ಅಂದರೆ ಇಂದು ಗಾಝಾದ ಪರವಾಗಿ ಜಗತ್ತು ಎತ್ತಿಕೊಂಡಿರುವ ಕಾನೂನಿನ ಅಸ್ತ್ರ ಹುಟ್ಟಿದ್ದು ಆನ್ ಫ್ರಾಂಕ್‌ಳನ್ನು ಕೊಂದ ದುರಂತದ ನೆನಪಿನಿಂದ. ಆ ನೆನಪನ್ನು ಅಲ್ಲಗಳೆಯುವವರು ಫೆಲೆಸ್ತೀನಿಗೆ ಉಪಕಾರ ಮಾಡುವುದಿಲ್ಲ, ಅದರ ವಾದದ ತಳಪಾಯವನ್ನೇ ಅಗೆಯುತ್ತಾರೆ. 2006ರಲ್ಲಿ ತೆಹರಾನಿನಲ್ಲಿ ಹೊಲೊಕಾಸ್ಟನ್ನು ಪ್ರಶ್ನಿಸುವ ಸಮ್ಮೇಳನ ನಡೆಸಿದವರು ಫೆಲೆಸ್ತೀನಿನ ಜನರಿಗೆ ಒಂದಿಂಚು ನೆಲವನ್ನೂ ಮರಳಿ ಕೊಡಿಸಲಿಲ್ಲ.

ಒಂದು ಜನವಿಭಾಗದ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಪ್ರೇರೇಪಿಸದಿರಲಿ ಎಂಬುದು ಪವಿತ್ರ ಕುರ್‌ಆನಿನ ಮಾಇದ ಅಧ್ಯಾಯದ ಸಂದೇಶ. ನಿಸಾ ಅಧ್ಯಾಯದ ಕೆಲವು ವಚನಗಳ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಒಂದು ಘಟನೆಯನ್ನು ವಿವರಿಸುತ್ತಾರೆ. ಮದೀನಾದಲ್ಲಿ ಕಳವು ಮಾಡಿದ ಒಬ್ಬಾತ ಅದನ್ನು ಒಬ್ಬ ಯಹೂದಿಯ ತಲೆಗೆ ಕಟ್ಟಿದಾಗ, ಕಳ್ಳನ ಕುಟುಂಬದವರು ಅವನ ಪರವಾಗಿ ನಿಂತಾಗ, ದಿವ್ಯವಾಣಿಯು ಆ ಯಹೂದಿಯ ನಿರಪರಾಧವನ್ನು ಸಾರಿತು. ಯಹೂದಿಯೊಬ್ಬನ ಶವಯಾತ್ರೆ ಸಾಗಿದಾಗ ಪ್ರವಾದಿ(ಸ)ರು ಎದ್ದು ನಿಂತರೆಂದೂ, ಅವನೂ ಒಂದು ಜೀವವಲ್ಲವೇ ಎಂಬರ್ಥದಲ್ಲಿ ಅನುಚರರನ್ನು ಕೇಳಿದರೆಂದೂ ಹದೀಸ್ ಗ್ರಂಥಗಳು ದಾಖಲಿಸಿವೆ. ಮದ್ರಸಾದಲ್ಲಿ ಇದನ್ನು ಕಲಿತ ಮಗು ಶಾಲೆಯಲ್ಲಿ ಆನ್ ಫ್ರಾಂಕ್‌ಳನ್ನು ಓದುವಾಗ ತಡವರಿಸಬೇಕಾದ ಕಾರಣವೇನು?

ಈ ಚರಿತ್ರೆಯಲ್ಲಿ ಶ್ರೀರಂಗಪಟ್ಟಣಕ್ಕೂ ಒಂದು ಪಾಲಿದೆ. ಟಿಪ್ಪು ಸುಲ್ತಾನರ ವಂಶದವಳಾದ ನೂರ್ ಇನಾಯತ್ ಖಾನ್ ಹುಟ್ಟಿದ್ದು 1914ರಲ್ಲಿ, ಮಾಸ್ಕೋದಲ್ಲಿ. ತಂದೆ ಸೂಫಿ ಗುರು ಹಝ್ರತ್ ಇನಾಯತ್ ಖಾನ್. ಬುದ್ಧನ ಜಾತಕ ಕಥೆಗಳನ್ನು ಮಕ್ಕಳಿಗಾಗಿ ಬರೆದ ಈ ಸೌಮ್ಯ ಯುವತಿ 1943ರಲ್ಲಿ ನಾಝಿಗಳ ವಶದಲ್ಲಿದ್ದ ಪ್ಯಾರಿಸ್‌ನಲ್ಲಿ ಗುಪ್ತ ರೇಡಿಯೊ ಸಂದೇಶವಾಹಕಿಯಾಗಿ ದುಡಿದಳು. ಸೆರೆಸಿಕ್ಕಿ, ಸಂಕೋಲೆಯಲ್ಲಿ ತಿಂಗಳುಗಟ್ಟಲೆ ಕಳೆದರೂ ಸಂಗಡಿಗರ ಹೆಸರನ್ನು ಬಿಟ್ಟುಕೊಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಆಕೆಯನ್ನು ಕೊಲ್ಲಲಾಯಿತು. ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ನೀಡಿ ಗೌರವಿಸಿತು. ಟಿಪ್ಪುವನ್ನು ಕೊಂದವರ ರಾಷ್ಟ್ರದ ಪರವಾಗಿ ಆಕೆ ಕೆಲಸ ಮಾಡಿದ್ದು ವಿಚಿತ್ರವೆನಿಸಬಹುದು. ಆದರೆ ಆಕೆ ಆರಿಸಿಕೊಂಡದ್ದು ಹಳೆಯ ಹಗೆಯನ್ನಲ್ಲ, ಕಣ್ಣಮುಂದಿದ್ದ ದೊಡ್ಡ ಕೇಡಿನ ವಿರುದ್ಧದ ಹೋರಾಟವನ್ನು. ಗುಂಬಝ್ ನೋಡಲು ಬರುವ ಶಾಲಾ ಮಕ್ಕಳಲ್ಲಿ ಎಷ್ಟು ಮಂದಿ ಈ ಹೆಸರನ್ನು ಕೇಳಿದ್ದಾರೆ?

ನ್ಯಾಯದ ಈ ಮಾತು ನಮ್ಮ ಕಡೆಗೂ ತಿರುಗುತ್ತದೆ. ಪಾಂಡವಪುರ ತಾಲೂಕಿನ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳಲ್ಲಿ ಹಲವರು ಇಂದಿಗೂ ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಟಿಪ್ಪುವಿನ ಆಳ್ವಿಕೆಯಲ್ಲಿ ತಮ್ಮ ಹಿರಿಯರ ಹತ್ಯೆ ನಡೆಯಿತೆಂಬುದು ಅವರ ನೆನಪು. ಅದರ ಕಾಲ, ಕಾರಣ, ಸಂಖ್ಯೆಗಳ ಕುರಿತು ಇತಿಹಾಸಕಾರರಲ್ಲಿ ಭಿನ್ನಮತವಿದೆ. ಆದರೆ ಭಿನ್ನಮತವಿದೆಯೆಂಬ ಒಂದೇ ಕಾರಣಕ್ಕೆ ಆ ಕುಟುಂಬಗಳ ಮೌನವನ್ನು ಗೇಲಿ ಮಾಡುವುದು ನಮಗೆ ಶೋಭಿಸದು. ಮರಾಠಾ ಸೈನಿಕರು 1791ರಲ್ಲಿ ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ಟಿಪ್ಪು ನೆರವಿತ್ತ ಪತ್ರಗಳನ್ನು ಅಭಿಮಾನದಿಂದ ಎತ್ತಿ ತೋರಿಸುವ ನಾವು, ಮೇಲುಕೋಟೆಯವರ ನೆನಪನ್ನು ಗೌರವದಿಂದ ಆಲಿಸಲೂ ಸಿದ್ಧರಿರಬೇಕು. ಅರಸನನ್ನು ಗೌರವಿಸುವುದು ಬೇರೆ, ಅವನ ಆಡಳಿತದ ಪ್ರತಿಯೊಂದು ಕೃತ್ಯವನ್ನೂ ಸಮರ್ಥಿಸುವುದು ಬೇರೆ.

ನೆನಪನ್ನು ಆಲಿಸುವುದೆಂದರೆ ಕಟ್ಟುಕತೆಯನ್ನು ನಂಬುವುದೆಂದಲ್ಲ. ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡರೆಂಬ ಕಥೆಯನ್ನು ಚುನಾವಣೆಯ ಹೊತ್ತಿನಲ್ಲಿ ಹರಡಿ, 2023ರ ಮಾರ್ಚ್‌ನಲ್ಲಿ ಅದನ್ನು ಸಿನಿಮಾ ಮಾಡಲು ಹೊರಟಾಗ, ತಡೆದವರು ಇದೇ ನಾಗಮಂಗಲ ತಾಲೂಕಿನ ಆದಿಚುಂಚನಗಿರಿ ಮಠದ ಶ್ರೀ ನಿರ್ಮಲಾನಂದನಾಥ ಸ್ವಾಮೀಜಿ. ಆಧಾರವಿಲ್ಲದ ಇತಿಹಾಸ ಬೇಡವೆಂಬ ಅವರ ನಿಲುವಿನಿಂದ ಆ ಸಿನಿಮಾ ನಿಂತಿತು. ಸಾಕ್ಷ್ಯಕ್ಕೂ ಸೃಷ್ಟಿಗೂ ಇರುವ ಅಂತರವನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಆನ್‌ಳ ಡೈರಿಯ ಮಹತ್ವವೂ ಇದೇ. ಅದು ಸ್ವತಃ ಅನುಭವಿಸಿದವಳು ತನ್ನ ಕೈಯಾರೆ ಬರೆದಿಟ್ಟ ಸಾಕ್ಷ್ಯ.

ನಮ್ಮ ನಾಡಿನಲ್ಲಿ ಪಠ್ಯಪುಸ್ತಕಗಳು ಸರಕಾರ ಬದಲಾದಂತೆ ಬದಲಾಗುತ್ತಿವೆ. ಹತ್ತನೇ ತರಗತಿಯ ಕನ್ನಡ ಪಠ್ಯಕ್ಕೆ 2022ರಲ್ಲಿ ಸೇರಿದ ಹೆಡ್ಗೆವಾರರ ಭಾಷಣವನ್ನು 2023ರಲ್ಲಿ ತೆಗೆಯಲಾಯಿತು. ನಾಳೆ ಇನ್ನೇನು ಬರುವುದೋ, ಹೋಗುವುದೋ. 2004ರ ಸುಮಾರಿಗೆ ಗುಜರಾತಿನ ಪಠ್ಯದಲ್ಲಿ ಹಿಟ್ಲರನ ಸಾಧನೆಗಳನ್ನು ಹೊಗಳಿದ ಭಾಗ ವಿವಾದವಾಗಿತ್ತು. ಹಿಟ್ಲರನ ಆತ್ಮಕಥೆ ದೇಶದ ಫುಟ್‌ಪಾತ್‌ಗಳಲ್ಲಿಯೂ ಮಾರಾಟವಾಗುತ್ತದೆ. ಬೇಸರದ ಸಂಗತಿಯೆಂದರೆ, ಯಹೂದಿಗಳ ಮೇಲಿನ ಸಿಟ್ಟಿನಲ್ಲಿ ಹಿಟ್ಲರನನ್ನು ಮೆಚ್ಚುವ ಮಾತು ನಮ್ಮ ಕೆಲವು ಯುವಕರ ಬಾಯಲ್ಲಿಯೂ ಬರುತ್ತದೆ. ಅವರಿಗೊಂದು ವಿಷಯ ತಿಳಿದಿರಲಿ. ಆಶ್ವಿಟ್ಝ್ ಶಿಬಿರದಲ್ಲಿ ಹಸಿವಿನಿಂದ ಜೀವಚ್ಛವವಾದ ಕೈದಿಯನ್ನು ಶಿಬಿರದ ಆಡುಮಾತಿನಲ್ಲಿ ಕರೆಯುತ್ತಿದ್ದ ಹೆಸರು 'ಮುಸೆಲ್‌ಮನ್', ಅಂದರೆ ಮುಸಲ್ಮಾನ. ಅಲ್ಲಿಂದ ಬದುಕಿ ಬಂದ ಪ್ರಿಮೊ ಲೆವಿ ತಮ್ಮ ಸ್ಮೃತಿಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ದ್ವೇಷದ ಆ ನೆಲದಲ್ಲಿ ಸಾವಿನಂಚಿನ ಯಹೂದಿಗೂ ಮುಸಲ್ಮಾನನಿಗೂ ಹೆಸರು ಒಂದೇ ಆಗಿತ್ತು.

ಹಾಗಿದ್ದರೆ ನಾವೇನು ಮಾಡಬೇಕು? ತಂದೆ ತಾಯಂದಿರು ಈ ಪಾಠವನ್ನು ಅಂಕಗಳಿಗಷ್ಟೇ ಬಿಟ್ಟುಕೊಡದೆ, ಮಕ್ಕಳೊಡನೆ ಕುಳಿತು ಮಾತನಾಡಲಿ. ಗಾಝಾದ ಕುರಿತು ಮಗು ಕೇಳಿದರೆ ಮುಚ್ಚಿಡದೆ ಹೇಳಲಿ. ಆದರೆ ಒಂದು ಮಗುವಿನ ಸಾವನ್ನು ಇನ್ನೊಂದು ಮಗುವಿನ ಸಾವಿನಿಂದ ಕಳೆಯುವ ಲೆಕ್ಕವನ್ನು ಮಾತ್ರ ಕಲಿಸದಿರಲಿ. ಶಿಕ್ಷಕರು ತರಗತಿಯ ಮುಸ್ಲಿಮ್ ವಿದ್ಯಾರ್ಥಿಯನ್ನು ಪಶ್ಚಿಮ ಏಷ್ಯಾದ ವಕೀಲನೆಂಬಂತೆ ಎಬ್ಬಿಸಿ ನಿಲ್ಲಿಸದಿರಲಿ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಈ ಪಾಠವಿಲ್ಲದಿದ್ದರೂ ಗ್ರಂಥಾಲಯದಲ್ಲಿ ಪುಸ್ತಕವನ್ನಿಡಲು ಅಡ್ಡಿಯೇನಿಲ್ಲ. ಕೆ.ಆರ್. ಪೇಟೆ ತಾಲೂಕಿನ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಪ್ರಕಟವಾದುದೂ 1942ರಲ್ಲಿ. ಒಂದೆಡೆ ಒಲವಿನ ಹಾಡು ಅರಳಿದ ವರ್ಷವೇ ಇನ್ನೊಂದೆಡೆ ಒಬ್ಬ ಹುಡುಗಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಪಿಸುಮಾತಿನಲ್ಲಿ ಬದುಕಬೇಕಾಯಿತು. ಎರಡನ್ನೂ ಒಟ್ಟಿಗೆ ಓದಿದ ಮಗು ಮನುಷ್ಯಕುಲದ ಎರಡೂ ಮುಖಗಳನ್ನು ಅರಿಯುತ್ತದೆ. ಜುಮಾ ಭಾಷಣ ಮಾಡುವ ವಿದ್ವಾಂಸರೂ ಯಹೂದಿ ಎಂಬ ಪದವನ್ನು ಬೈಗುಳವಾಗಿ ಬಳಸುವ ರೂಢಿಯನ್ನು ಕೈಬಿಡಲಿ. ಒಂದು ಸರಕಾರದ ದೌರ್ಜನ್ಯವನ್ನು ಖಂಡಿಸಲು ಒಂದು ಸಮುದಾಯವನ್ನು ಶಪಿಸಬೇಕಾಗಿಲ್ಲ. ಬೇರೆಯವರು ಎಲ್ಲೋ ಮಾಡಿದ ತಪ್ಪಿಗೆ ತನ್ನನ್ನು ಹೊಣೆಯಾಗಿಸುವುದರ ಸಂಕಟವನ್ನು ಈ ದೇಶದ ಮುಸ್ಲಿಮನಿಗಿಂತ ಹೆಚ್ಚು ಬಲ್ಲವರು ಯಾರು?

ನಮ್ಮ ನೋವನ್ನು ಜಗತ್ತು ಓದಬೇಕೆಂದು ನಾವು ಬಯಸುತ್ತೇವೆ. ಆ ಬಯಕೆ ನ್ಯಾಯವಾದುದು. ಆದರೆ ಇತರರ ನೋವನ್ನು ಓದಲು ಒಲ್ಲದವರ ನೋವನ್ನು ಯಾರೂ ಬಹಳ ದಿನ ಓದುವುದಿಲ್ಲ. ನಮ್ಮ ಮಗಳು ಆನ್ ಫ್ರಾಂಕ್‌ಳನ್ನು ಓದಲಿ. ಅಂಥ ಡೈರಿ ಮುಂದೆ ಯಾವ ಭಾಷೆಯಲ್ಲಿಯೂ, ಯಾವ ಧರ್ಮದ ಮಗುವೂ ಬರೆಯಬೇಕಾಗಿ ಬರದಂತಹ ಊರನ್ನು ಕಟ್ಟುವ ಕೆಲಸದಲ್ಲಿ ಆಕೆಯೂ ಪಾಲುದಾರಳಾಗಲಿ.