ರೋಗಕ್ಕೆ ಕನ್ನಡದ ಹೆಸರಿದೆ, ಕಾನೂನಿಗೆ ಕನ್ನಡದ ನಾಲಿಗೆ ಇಲ್ಲ!

ಕನ್ನಡದ ಹುಡುಗರೇ, ಹುಡುಗಿಯರೇ,

ಕಳೆದ ಆಯುಧಪೂಜೆಗೆ ನಿಮ್ಮ ಬೈಕಿಗೆ ಕಟ್ಟಿದ ಬಾಳೆಕಂದು ಎಲ್ಲಿಂದ ಬಂತು? ಮಾರ್ಕೆಟ್ಟಿಂದ ಬಂತು ಅನ್ನುತ್ತೀರಿ. ಮಾರ್ಕೆಟ್ಟಿಗೆ ಹೇಗೆ ಬಂತು? ಲಾರಿಯಲ್ಲಿ ಬಂತು. ಆ ಲಾರಿ ಯಾವ ಊರಿನ ಯಾವ ತೋಟದಿಂದ ಹೊರಟಿತ್ತು? ಗೊತ್ತಿಲ್ಲ! ಮಾರಿದವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ.

ಇನ್ನೊಂದು ಪ್ರಶ್ನೆ. ಊರಿಗೆ ಹೋದಾಗ ಅಜ್ಜಿ ಚೀಲದಲ್ಲಿ ಕಟ್ಟಿಕೊಟ್ಟ ಬಾಳೆ ಮರಿಯನ್ನು ಬಸ್ಸಿನಲ್ಲಿ ತಂದು ಸೈಟಿನ ಮೂಲೆಯಲ್ಲಿ ನೆಟ್ಟವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ನೆಡುವ ಮುಂಚೆ ಅದರಲ್ಲಿ ರೋಗ ಇದೆಯೋ ಇಲ್ಲವೋ ಎಂದು ಯಾರನ್ನಾದರೂ ಕೇಳಿದಿರಾ?

ಕೇಳಿರುವುದಿಲ್ಲ. ಕೇಳಬೇಕು ಎಂದು ನಿಮಗೆ ಯಾರೂ ಹೇಳಿಲ್ಲ. ಆದರೆ ಈ ದೇಶದಲ್ಲಿ ಅದಕ್ಕೊಂದು ಕಾನೂನಿದೆ. ಬಾಳೆ ಗಿಡವನ್ನು ಕೆಲವು ರಾಜ್ಯಗಳಿಂದ ಆಚೆಗೆ ಸಾಗಿಸಬಾರದು ಎಂಬ ನಿರ್ಬಂಧ ದಶಕಗಳಿಂದ ಇದೆ. ಇದೆ ಎನ್ನುವುದು ಬರೆದವರಿಗೆ ಮಾತ್ರ ಗೊತ್ತು!

ಅಜ್ಜನ ಕಾಲದ ಕಾಯ್ದೆ, 250 ರೂಪಾಯಿ ದಂಡ

ಆ ಕಾಯ್ದೆಯ ಹುಟ್ಟು 1914. ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ. ಬ್ರಿಟಿಷರು ಮಾಡಿದ್ದು. ಬೆಳೆಗೆ ರೋಗ ಹರಡುವ ಸರಕನ್ನು ಹೊರದೇಶದಿಂದ ತರುವುದನ್ನೂ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸುವುದನ್ನೂ ತಡೆಯುವ ಅಧಿಕಾರ ಇದರಿಂದ ಕೇಂದ್ರ ಸರ್ಕಾರಕ್ಕೆ ಬಂದಿದೆ. ಸರಕನ್ನು ತಡೆದು ನಿಲ್ಲಿಸಲು, ಪರೀಕ್ಷಿಸಲು, ಬೇಕಾದರೆ ನಾಶ ಮಾಡಲು ನಿಯಮ ಮಾಡುವ ಅಧಿಕಾರ ರಾಜ್ಯಕ್ಕೂ ಇದೆ.

ಈ ಕಾಯ್ದೆಯ ಅಡಿಯಲ್ಲಿ ಬಾಳೆಯ ಎರಡು ವೈರಸ್ ರೋಗಗಳಿಗೆ ಬೇಲಿ ಹಾಕಿದ್ದಾರೆ. ಒಂದು ಬಂಚಿ ಟಾಪ್, ಅಂದರೆ ಎಲೆಗಳೆಲ್ಲ ತುದಿಯಲ್ಲಿ ಗೊಂಚಲುಗಟ್ಟಿ ನಿಲ್ಲುವ ರೋಗ. ಕೇರಳ, ಅಸ್ಸಾಂ, ಒಡಿಶಾ, ಪಶ್ಚಿಮ ಬಂಗಾಳ ಮುಂತಾದ ರಾಜ್ಯಗಳಿಂದ ಬಾಳೆಯ ಕಂದು, ದಿಂಡು, ಹೂವು ಏನನ್ನೂ ಆಚೆ ಸಾಗಿಸುವಂತಿಲ್ಲ, ಹಣ್ಣೊಂದನ್ನು ಬಿಟ್ಟು. ಇನ್ನೊಂದು ಮೊಸಾಯಿಕ್ ರೋಗ. ಅದಕ್ಕಾಗಿ ಮಹಾರಾಷ್ಟ್ರ, ಗುಜರಾತ್‌ಗಳ ಮೇಲೆ ಇಂಥದೇ ನಿರ್ಬಂಧ.

ಭೂಪಟ ತೆಗೆದು ನೋಡಿ. ಕೊಡಗಿನ ಕುಟ್ಟ, ಮಾಕುಟ್ಟ ದಾಟಿದರೆ ಕೇರಳ. ನಿಪ್ಪಾಣಿ ದಾಟಿದರೆ ಮಹಾರಾಷ್ಟ್ರ. ಎರಡು ರೋಗಗಳ ನಡುವೆ ನಮ್ಮ ನಾಡು! ಈ ನಿಯಮ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಕನ್ನಡಿಗನಿಗೆ ಗೊತ್ತಿರಲೇಬೇಕು.

ಇದನ್ನು ಮುರಿದವನಿಗೆ ಶಿಕ್ಷೆ ಏನು ಗೊತ್ತೆ? ಮೊದಲ ಸಲ 250 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 2000 ರೂಪಾಯಿವರೆಗೆ. ಮಾಲ್‌ನಲ್ಲಿ ಸಿನಿಮಾ ನೋಡುವಾಗ ಪಾಪ್‌ಕಾರ್ನ್‌ಗೆ ಇದಕ್ಕಿಂತ ಹೆಚ್ಚು ಕೊಡುತ್ತೀರಿ! ಈ ಹಳೇ ಕಾಯ್ದೆಯನ್ನು ತೆಗೆದು ಹೊಸದನ್ನು ತರಲು 2013ರಲ್ಲಿ ಲೋಕಸಭೆಯಲ್ಲಿ ಕೃಷಿ ಜೈವಿಕ ಸುರಕ್ಷತಾ ಮಸೂದೆ ಮಂಡಿಸಿದರು. 2014ರಲ್ಲಿ ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಸತ್ತಿತು.

ಅದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. ‘ತಿಳಿದೂ’ ಸಾಗಿಸಿದವನಿಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ತಿಳಿದೂ! ಸ್ವಾಮಿ, ತಿಳಿಯುವುದು ಹೇಗೆ? ಯಾವ ಭಾಷೆಯಲ್ಲಿ?

ಕೇಂದ್ರ ಸರ್ಕಾರದ ನಿಯಮ, ಅಧಿಸೂಚನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೊರಡಬೇಕು ಎನ್ನುತ್ತದೆ 1963ರ ಅಧಿಕೃತ ಭಾಷೆಗಳ ಕಾಯ್ದೆ. ಸಂವಿಧಾನದ ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳಿವೆ. ಕನ್ನಡದಲ್ಲೂ ಕೊಡಿ ಎಂಬ ಕಡ್ಡಾಯ ಆ ಕಲಮಿನಲ್ಲಿ ಇಲ್ಲ. ವಿರಾಜಪೇಟೆಯ ರೈತ ದೆಹಲಿಯ ಗೆಜೆಟ್ಟನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಓದಿಕೊಂಡು ‘ತಿಳಿದು’ ಬಾಳೆ ನೆಡಬೇಕಂತೆ!

ಕಣ್ಣಿಗೆ ಕಾಣದ ಕಳ್ಳ

ಇದೇನು ಮಹಾ, ಒಂದು ಬಾಳೆಗಿಡದ ರೋಗ ಅಂದುಕೊಳ್ಳಬೇಡಿ. ಈ ಕಳ್ಳನ ಕೆಲಸ ಹೇಗೆ ನಡೆಯುತ್ತದೆ ಕೇಳಿ.

ಬಾಳೆಯ ಬುಡದಲ್ಲಿ, ಎಲೆಯ ಹೊದಿಕೆಯ ಸಂದಿಯಲ್ಲಿ ಕಂದುಬಣ್ಣದ ಸಣ್ಣ ಹೇನು ಕೂತಿರುತ್ತದೆ. ರೋಗದ ಗಿಡದ ರಸ ಹೀರುತ್ತದೆ, ರೆಕ್ಕೆ ಬಂದಾಗ ಹಾರಿ ಪಕ್ಕದ ತೋಟಕ್ಕೆ ಹೋಗಿ ಅಲ್ಲಿನ ಗಿಡಕ್ಕೆ ಚುಚ್ಚುತ್ತದೆ. ಒಂದು ಗಿಡಕ್ಕೆ ಬಂದರೆ ಆ ಬುಡದ ಮರಿಗಳಿಗೆಲ್ಲ ಬಂತು ಎಂದೇ ಲೆಕ್ಕ. ಎಲೆಯ ನರಗಳ ಮೇಲೆ ಕಡುಹಸಿರು ಗೆರೆ, ಚುಕ್ಕೆ. ಆಮೇಲೆ ಎಲೆ ಕಿರಿದಾಗಿ, ಸೆಟೆದು, ತಲೆಯ ಮೇಲೆ ಗೊಂಚಲಾಗುತ್ತದೆ. ಗೊನೆಯ ಆಸೆ ಬಿಡಬೇಕು. ಔಷಧಿ ಇಲ್ಲ. ಬುಡಸಮೇತ ಕಿತ್ತು ನಾಶ ಮಾಡುವುದೊಂದೇ ದಾರಿ.

ಹೇನು ಪಕ್ಕದ ತೋಟಕ್ಕೆ ಹಾರುತ್ತದೆ. ಮನುಷ್ಯ ಜಿಲ್ಲೆಯಿಂದ ಜಿಲ್ಲೆಗೆ, ರಾಜ್ಯದಿಂದ ರಾಜ್ಯಕ್ಕೆ ಲಾರಿಯಲ್ಲಿ ಒಯ್ಯುತ್ತಾನೆ! ರೋಗ ತಗುಲಿದ ಕಂದು ಮೊದಮೊದಲು ನೋಡಲು ಚೆನ್ನಾಗಿಯೇ ಇರುತ್ತದೆ. ನೆಟ್ಟು ಕೆಲವು ವಾರವಾದ ಮೇಲೆ ಬಣ್ಣ ಬಯಲು. ಅಷ್ಟರಲ್ಲಿ ಹೇನು ತನ್ನ ಕೆಲಸ ಮುಗಿಸಿರುತ್ತದೆ. ನಮ್ಮ ನೆರೆಯ ತಮಿಳುನಾಡಿನ ಪಳನಿ ಬೆಟ್ಟಗಳಲ್ಲಿ ಪರಿಮಳಕ್ಕೆ ಹೆಸರಾದ ವಿರೂಪಾಕ್ಷಿ ಬಾಳೆಯ ತೋಟಗಳು ಹಾಳಾದದ್ದು ಇದೇ ರೋಗಕ್ಕೆ.

ಈಗ ಯೋಚಿಸಿ. ‘ರೋಗದ ಗಿಡ ಕಿತ್ತುಹಾಕಿ’ ಎಂದು ಯಾರೋ ಆಫೀಸರು ಜೀಪಿನಲ್ಲಿ ಬಂದು ಹೇಳಿಹೋದ ಎನ್ನಿ. ರೈತ ಗಿಡ ಕಿತ್ತ, ಬೇಲಿಯ ಆಚೆಗೆ ಎಸೆದ. ಮುಗಿಯಿತೆ? ಇಲ್ಲ! ಮೊದಲು ಗಿಡದ ಮೇಲಿನ ಹೇನನ್ನು ಕೊಂದು, ಆಮೇಲೆ ಗಡ್ಡೆ ಸಮೇತ ಅಗೆದು ನಾಶ ಮಾಡಬೇಕು. ಹೇನನ್ನು ಕೊಲ್ಲದೆ ಗಿಡ ಕಿತ್ತರೆ ಅದು ಹೊಸ ಮನೆ ಹುಡುಕಿಕೊಂಡು ಪಕ್ಕದ ಗಿಡಕ್ಕೆ ಹೋಗುತ್ತದೆ. ಅರ್ಧ ತಿಳಿದ ನಿಯಮ ರೋಗವನ್ನು ತಡೆಯುವುದಿಲ್ಲ, ಹರಡುತ್ತದೆ. ಹೊಲದಲ್ಲಿ ಭಾಷೆಯ ಪ್ರಶ್ನೆ ಅಂದರೆ ಇದು. ಅನ್ನದ ಪ್ರಶ್ನೆ.

ಕಟ್ಟೆ: ಜಗತ್ತಿಗೆ ಕನ್ನಡ ಕೊಟ್ಟ ಹೆಸರು

ಕನ್ನಡದಲ್ಲಿ ವಿಜ್ಞಾನ ಸಾಧ್ಯವೇ ಎಂದು ಮೂಗು ಮುರಿಯುವ ಮಹಾಶಯರಿಗೆ ಒಂದು ಮಾತು.

ಮಲೆನಾಡು, ಕೊಡಗಿನ ಏಲಕ್ಕಿ ತೋಟಗಳನ್ನು ತಿಂದುಹಾಕಿದ ವೈರಸ್ ರೋಗದ ಹೆಸರು ‘ಕಟ್ಟೆ’. ಎಲೆಯ ಮೇಲೆ ತಿಳಿಹಸಿರು ಪಟ್ಟೆ ಬರುತ್ತದೆ, ಬುಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಎಳೆಯ ಗಿಡಕ್ಕೆ ತಗುಲಿದರೆ ಫಸಲೇ ಇಲ್ಲ. ಈ ಹೆಸರು ಇಟ್ಟದ್ದು ಲಂಡನ್ನಿನ ಪ್ರೊಫೆಸರಲ್ಲ, ನಮ್ಮ ತೋಟದ ಜನ. 1900ರ ಹೊತ್ತಿಗೇ ಅದು ಬ್ರಿಟಿಷ್ ಅಧಿಕಾರಿಯ ಬರಹಕ್ಕೆ ಏರಿತು. ಇವತ್ತು ಜಗತ್ತಿನ ಯಾವ ಮೂಲೆಯ ವಿಜ್ಞಾನಿಯೂ ಇಂಗ್ಲಿಷ್ ಪ್ರಬಂಧದಲ್ಲಿ ‘ಕಟ್ಟೆ’ ಎಂದೇ ಬರೆಯಬೇಕು! ಏಲಕ್ಕಿಗೆ ಬರುವ ಇನ್ನೊಂದು ವೈರಸ್ ರೋಗದ ಹೆಸರು ‘ಕೊಕ್ಕೆ ಕಂದು’. ಮರಿ ಕೊಕ್ಕೆಯ ಹಾಗೆ ಬಾಗುತ್ತದೆ, ಅದಕ್ಕೆ ಆ ಹೆಸರು. ಅದೂ ಕನ್ನಡವೇ.

ಮಡಿಕೇರಿ ಬಳಿಯ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದವರು ರೋಗ ತುಂಬಿದ ತೋಟಗಳಲ್ಲಿ ರೋಗ ತಗುಲದೆ ಉಳಿದ ಗಿಡಗಳನ್ನು ಹುಡುಕಿ ತಂದರು. ಅವಕ್ಕೆ ಎನ್‌ಕೆಇ ಎಂದು ನಂಬರು ಹಾಕಿದರು. ಬಿಡಿಸಿ ಹೇಳಿದರೆ ‘ನ್ಯಾಚುರಲ್ ಕಟ್ಟೆ ಎಸ್ಕೇಪ್’. ಕಟ್ಟೆಯಿಂದ ತಾನಾಗಿ ತಪ್ಪಿಸಿಕೊಂಡ ಗಿಡ! ಅವುಗಳಲ್ಲಿ ಒಂದರಿಂದ ಬಂದ ತಳಿಯೇ ‘ವಿಜೇತ’. ರೈತನ ಕಣ್ಣು, ರೈತನ ಮಾತು, ವಿಜ್ಞಾನಿಯ ಶ್ರಮ ಮೂರೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕಟ್ಟೆ ಬೀಜದಿಂದ ಬರುವುದಿಲ್ಲ. ರೋಗದ ಗಡ್ಡೆ ಕಿತ್ತು ನೆಟ್ಟರೆ ಬರುತ್ತದೆ, ಹೇನು ತಂದರೆ ಬರುತ್ತದೆ. ಆದ್ದರಿಂದ ಬೀಜದ ಸಸಿ ನೆಡಿ, ಸಸಿಮಡಿಯನ್ನು ತೋಟದಿಂದ ದೂರ ಮಾಡಿ, ರೋಗದ ಬುಡ ಕಂಡ ಕೂಡಲೇ ಕಿತ್ತುಹಾಕಿ. ಮೂರೇ ಮಾತು. ಮೂರೂ ಕನ್ನಡದಲ್ಲಿ ಸಲೀಸಾಗಿ ಬರುತ್ತವೆ. ರೋಗಕ್ಕೆ ಹೆಸರಿಡಲು ಸಾಕಾದ ಭಾಷೆ ಅದನ್ನು ತಡೆಯುವ ಕಾನೂನಿಗೆ ಯಾಕೆ ಸಾಲದು?

ಬಂದೂಕಿನಿಂದ ರೋಗ ನಿಲ್ಲಲಿಲ್ಲ

ಕೆಲವರು ಕೇಳುತ್ತಾರೆ: ನಿಯಮ ಇದ್ದರಾಯಿತು, ರೈತನಿಗೆ ಅರ್ಥವಾದರೆಷ್ಟು ಬಿಟ್ಟರೆಷ್ಟು? ಪೊಲೀಸರನ್ನು ಕರೆದು ಕಡಿಸಿಬಿಟ್ಟರೆ ಆಯಿತಲ್ಲ? ಅವರು ಆಫ್ರಿಕದ ಗೋಲ್ಡ್ ಕೋಸ್ಟಿನ ಕತೆ ಕೇಳಲಿ. ಇಂದಿನ ಘಾನಾ ಅದು. ಆಗ ನಮ್ಮಂತೆಯೇ ಬ್ರಿಟಿಷರ ಕೈಕೆಳಗಿದ್ದ ನಾಡು.

1936ರಲ್ಲಿ ಅಲ್ಲಿನ ಕೋಕೋ ಮರಗಳಿಗೆ ಟೊಂಗೆ ಊದಿಕೊಳ್ಳುವ ರೋಗ ಕಂಡಿತು. ಅದೂ ವೈರಸ್ಸೇ. ಮದ್ದಿಲ್ಲ, ಮರ ಕಡಿಯುವುದೇ ದಾರಿ ಎಂದರು ವಿಜ್ಞಾನಿಗಳು. ಅವರ ಮಾತು ಸರಿಯಾಗಿಯೇ ಇತ್ತು. ಆದರೆ ಸರ್ಕಾರ ಮಾಡಿದ್ದೇನು? ಕಡ್ಡಾಯ ಕಡಿತ! ಇನ್ನೂ ಕಾಯಿ ಬಿಡುತ್ತಿದ್ದ ಮರಗಳೂ ಉರುಳಿದವು. ಹೊಟ್ಟೆಪಾಡಿನ ಮರ ಯಾಕೆ ಬೀಳಬೇಕು ಎಂದು ರೈತರಿಗೆ ಮನವರಿಕೆಯಾಗಲಿಲ್ಲ. ದೊರೆಗಳು ನಮ್ಮನ್ನು ಮುಗಿಸಲು ಹೊರಟಿದ್ದಾರೆ ಎಂಬ ಗುಮಾನಿ ಬೆಳೆಯಿತು. 1948ರ ಫೆಬ್ರವರಿಯಲ್ಲಿ ರಾಜಧಾನಿ ಅಕ್ರಾದಲ್ಲಿ ಗಲಭೆ ಹೊತ್ತಿ ಉರಿಯಿತು. ಅದರ ಕಾರಣ ಹುಡುಕಲು ಬಂದ ವಾಟ್ಸನ್ ಆಯೋಗ, ಕಾರಣಗಳ ಪಟ್ಟಿಯಲ್ಲಿ ಕೋಕೋ ಮರ ಕಡಿದದ್ದನ್ನೂ ಸೇರಿಸಿತು. ಕಡ್ಡಾಯ ಕಡಿತವನ್ನು ನಿಲ್ಲಿಸಬೇಕಾಯಿತು. ರೋಗ ಮಾತ್ರ ನಿಲ್ಲಲಿಲ್ಲ.

ಅದೇ ಆಸ್ಟ್ರೇಲಿಯ ನೋಡಿ. 1920ರ ದಶಕದಲ್ಲಿ ಬಂಚಿ ಟಾಪ್ ಅಲ್ಲಿನ ಬಾಳೆ ತೋಟಗಳನ್ನು ನೆಲಕಚ್ಚಿಸಿತ್ತು. ಮ್ಯಾಗೀ ಎಂಬ ವಿಜ್ಞಾನಿ ರೋಗದ ಗುಟ್ಟು ಬಿಡಿಸಿದ. ಅಲ್ಲೂ ಕಠಿಣ ಕಾನೂನು ಬಂತು. ಆದರೆ ಬೆಳೆಗಾರ ಕಾನೂನಿನ ಜೊತೆಗಿದ್ದ. ತೋಟ ತೋಟ ತಪಾಸಣೆ, ರೋಗದ ಗಿಡ ನಾಶ, ರೋಗವಿಲ್ಲದ ಕಂದು. ಬಾಳೆ ಮತ್ತೆ ಎದ್ದು ನಿಂತಿತು.

ಎರಡು ಕಡೆಯೂ ವಿಜ್ಞಾನ ಸರಿ, ಕಾನೂನು ಬಿಗಿ. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಬೆಳೆ. ವ್ಯತ್ಯಾಸ ಇದ್ದದ್ದು ರೈತನ ಒಪ್ಪಿಗೆಯಲ್ಲಿ. ಅರ್ಥವಾಗದೆ ಒಪ್ಪಿಗೆ ಎಲ್ಲಿಂದ ಬರುತ್ತದೆ?

ಕರಪತ್ರ ಬೇರೆ, ಕಾನೂನು ಬೇರೆ

ವಿಧಾನಸೌಧದ ಬಾಬುಗಳು ಈಗ ಹೇಳುತ್ತಾರೆ: ಕೃಷಿ ವಿಶ್ವವಿದ್ಯಾಲಯದವರು ಕನ್ನಡದಲ್ಲಿ ಪುಸ್ತಕ ಹಾಕಿದ್ದಾರೆ, ಆಕಾಶವಾಣಿಯಲ್ಲಿ ಕೃಷಿರಂಗ ಬರುತ್ತದೆ, ಇನ್ನೇನು ಬೇಕು? ಒಪ್ಪಿದೆವು. ಅವರ ಸೇವೆಗೆ ನಮಸ್ಕಾರ. ಆದರೆ ಕರಪತ್ರ ಸಲಹೆ ಕೊಡುತ್ತದೆ, ಗೆಜೆಟ್ಟು ಅಪ್ಪಣೆ ಕೊಡುತ್ತದೆ. ನನ್ನ ತೋಟಕ್ಕೆ ಬರುವ ಅಧಿಕಾರ ಯಾರಿಗಿದೆ? ನೋಟಿಸು ಕೊಡದೆ ಕಡಿಯಬಹುದೆ? ಕಡಿದ ಗಿಡಕ್ಕೆ ಹಣ ಯಾರು ಕೊಡುತ್ತಾರೆ? ಇದನ್ನೆಲ್ಲ ಕರಪತ್ರ ಹೇಳುವುದಿಲ್ಲ. 1914ರ ಕಾಯ್ದೆ ಒಂದು ಮಾತು ಖಚಿತವಾಗಿ ಹೇಳಿದೆ: ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಆಫೀಸರನಿಗೆ ರಕ್ಷಣೆ ಉಂಟು. ರೈತನಿಗೆ ಪರಿಹಾರ? ಆ ಕಾಯ್ದೆಯಲ್ಲಿ ದುರ್ಬೀನು ಹಾಕಿ ಹುಡುಕಿದರೂ ಸಿಗದು!

ದೆಹಲಿಯನ್ನು ಬೈದು ಕೈತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ಕೇಂದ್ರದ ಕಾನೂನುಗಳ ಅಧಿಕೃತ ಪಾಠವನ್ನು ಪ್ರಾದೇಶಿಕ ಭಾಷೆಗಳಲ್ಲಿ ತರಲು 1973ರಲ್ಲೇ ಒಂದು ಕಾಯ್ದೆ ಬಂದಿದೆ. ಕನ್ನಡವನ್ನು ಆಡಳಿತ ಭಾಷೆ ಮಾಡಿದ ನಮ್ಮ ರಾಜ್ಯದ ಕಾಯ್ದೆ 1963ರದ್ದು. ಕೇಳಿ ಪಡೆಯಬೇಕಾದವರು, ಹಳ್ಳಿಗೆ ಮುಟ್ಟಿಸಬೇಕಾದವರು ಬೆಂಗಳೂರಿನಲ್ಲೇ ಕೂತಿದ್ದಾರೆ.

ಇದು ಆಗದ ಮಾತಲ್ಲ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಯನ್ನು ಕೇಂದ್ರ ಹಿಂದಿ, ಇಂಗ್ಲಿಷಿನಲ್ಲಿ ಹೊರಡಿಸಿದಾಗ ದೆಹಲಿ ಹೈಕೋರ್ಟು ಎಂಟನೇ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಿ ಎಂದಿತು. ಆ ವರ್ಷದ ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಜನರ ಭಾಷೆಯಲ್ಲಿ ಪ್ರಚಾರ ಆಗಿಲ್ಲ ಎಂದು ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಹಾಕಿತು. ಕೇಳಿದವರಿದ್ದರು, ಕೋರ್ಟು ಕೇಳಿಸಿಕೊಂಡಿತು. ಬಾಳೆಯ ಪರವಾಗಿ, ಏಲಕ್ಕಿಯ ಪರವಾಗಿ ಕೇಳುವವರು ಯಾರು?

ನಮ್ಮ ಹಕ್ಕೊತ್ತಾಯ

1. ಬೆಳೆರೋಗ ತಡೆಯುವ ಪ್ರತಿಯೊಂದು ನಿಯಮ, ಅಧಿಸೂಚನೆ ಹೊರಟ ದಿನವೇ ಕನ್ನಡದಲ್ಲೂ ಹೊರಡಲಿ. ಗ್ರಾಮ ಪಂಚಾಯಿತಿಯ ಗೋಡೆಗೆ, ರೈತ ಸಂಪರ್ಕ ಕೇಂದ್ರದ ಬಾಗಿಲಿಗೆ ಅಂಟಲಿ.

2. ಗಡಿಯ ತಪಾಸಣಾ ಠಾಣೆಗಳಲ್ಲಿ, ಹಬ್ಬದ ಕಂದು ಇಳಿಯುವ ಮಾರ್ಕೆಟ್ಟುಗಳಲ್ಲಿ ಈ ನಿಯಮದ ಕನ್ನಡ ಫಲಕ ನಿಲ್ಲಲಿ. ಪಕ್ಕದಲ್ಲಿ ಮಲಯಾಳಂ, ತಮಿಳು, ಮರಾಠಿಯೂ ಇರಲಿ. ಅಲ್ಲಿನ ರೈತನೂ ನಮ್ಮವನೇ, ಅವನಿಗೂ ಇದೇ ಅನ್ಯಾಯ ಆಗಿದೆ.

3. ಮಾರಾಟವಾಗುವ ಬಾಳೆ ಸಸಿಯ ಚೀಟಿಯಲ್ಲಿ ವೈರಸ್ ಪರೀಕ್ಷೆಯ ವಿವರ ಕನ್ನಡದಲ್ಲಿ ಇರಲಿ.

4. ಸರ್ಕಾರದ ಮಾತಿಗೆ ಗಿಡ ಕಿತ್ತವನಿಗೆ ಪರಿಹಾರ, ಜೊತೆಗೆ ರೋಗವಿಲ್ಲದ ಸಸಿ ಕಾನೂನಿನ ಹಕ್ಕಾಗಲಿ.

ಗೆಳೆಯರೇ, ಸಿಟಿಯಲ್ಲಿ ಕೂತವರಿಗೂ ಕೆಲಸವಿದೆ. ಸಂವಿಧಾನದ 350ನೇ ವಿಧಿಯ ಪ್ರಕಾರ ನಿಮ್ಮ ಅಹವಾಲನ್ನು ಕೇಂದ್ರಕ್ಕೂ ಕನ್ನಡದಲ್ಲೇ ಬರೆಯಬಹುದು. ಬರೆಯಿರಿ! ಒಂದು ಪ್ರತಿ ದೆಹಲಿಯ ಕೃಷಿ ಮಂತ್ರಾಲಯಕ್ಕೆ, ಒಂದು ಪ್ರತಿ ನಮ್ಮ ತೋಟಗಾರಿಕೆ ಇಲಾಖೆಗೆ. ಮುಂದಿನ ಹಬ್ಬಕ್ಕೆ ಕಂದು ಕೊಳ್ಳುವಾಗ ‘ಎಲ್ಲಿಂದ ಬಂತಣ್ಣಾ?’ ಎಂದು ಕೇಳಿ. ಅಜ್ಜಿ ಕೊಟ್ಟ ಮರಿಯನ್ನು ನೆಡುವ ಮುಂಚೆ ತಾಯಿಗಿಡದ ಎಲೆ ಹೇಗಿದೆ ಎಂದು ಫೋನು ಮಾಡಿ ವಿಚಾರಿಸಿ. ತಲೆ ಗೊಂಚಲಾಗಿದೆ ಎಂದರೆ ನೆಡಬೇಡಿ. ಊರಿನ ಬುಡವನ್ನೂ ಹೇನು ಸಾಯಿಸಿ ಕೀಳಿಸಿ. ಯಾಕೆ ಕೀಳಬೇಕು ಎಂದು ಅಜ್ಜಿಗೆ ನೀವೇ ಕನ್ನಡದಲ್ಲಿ ಬಿಡಿಸಿ ಹೇಳಿ. ಸರ್ಕಾರ ಇಷ್ಟು ವರ್ಷ ಮಾಡದ ಕೆಲಸ ಅದು. ಹತ್ತು ನಿಮಿಷ ಸಾಕು.

ನಮ್ಮ ನೆಲದ ರೋಗಕ್ಕೆ ನಮ್ಮ ಭಾಷೆಯ ಕಾನೂನು ಬೇಕು! ಓದಲಾಗದ ನಿಯಮಕ್ಕೆ ಧಿಕ್ಕಾರ!